ಪರದೆ ಎಳೆದ ಸೀಟು ಬಂಕ್ ಆಗುವುದಿಲ್ಲ

ಮಾನ್ಯರೇ,

ಮೈಸೂರು, ಮಂಡ್ಯದ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅವರನ್ನು ನೋಡಲು ಹೊರಡುವ ಹಿರಿಯರು ಟಿಕೆಟ್ ದರ, ಲಗೇಜ್ ತೂಕ ಎಲ್ಲ ವಿಚಾರಿಸುತ್ತಾರೆ. ವಿಮಾನ ನಡೆಸುವವರು ಎಲ್ಲಿ ಮಲಗುತ್ತಾರೆಂದು ಮಾತ್ರ ಯಾರೂ ಕೇಳುವುದಿಲ್ಲ. ಪೈಲಟ್ ಆಕಾಶದಲ್ಲಿ ನಿದ್ದೆ ಮಾಡಿದನೆಂದರೆ ಗಾಬರಿಬೀಳುತ್ತೇವೆ. ದೂರದ ಹಾರಾಟದಲ್ಲಿ ಸರದಿಯ ಮೇಲೆ ಮಲಗದಿದ್ದರೇ ಅಪಾಯ.

2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದಾಗ ಅದರಲ್ಲಿ ನಾಲ್ವರು ಮಹಿಳಾ ಪೈಲಟ್‌ಗಳಿದ್ದರು. ಸುಮಾರು 17 ಗಂಟೆಯ ಹಾದಿ. ಇಂಥಲ್ಲಿ ಇಬ್ಬರು ನಡೆಸುವಾಗ ಇನ್ನಿಬ್ಬರು ಮಲಗುವುದು ರೂಢಿ. ಬೋಯಿಂಗ್ 777, 787ರಂಥ ಅಗಲ ವಿಮಾನಗಳಲ್ಲಿ ಬಂಕ್, ಅಂದರೆ ಸಿಬ್ಬಂದಿ ಮಲಗುವ ಗೂಡು, ಇರುವುದು ಪ್ರಯಾಣಿಕರ ತಲೆಯ ಮೇಲೆ, ಸೀಲಿಂಗ್‌ನ ಆಚೆ. ಪುಟ್ಟ ಬಾಗಿಲು, ಕಡಿದಾದ ಮೆಟ್ಟಿಲು, ನೆಟ್ಟಗೆ ನಿಲ್ಲಲಾಗದ ಗೂಡು. ಹಾಸಿಗೆ, ದೀಪ, ಗಾಳಿಯ ಕಿಂಡಿ, ಆಮ್ಲಜನಕದ ಮಾಸ್ಕ್, ಬೆಲ್ಟ್. ಬೆಲ್ಟನ್ನು ಹೊದಿಕೆಯ ಮೇಲೆಯೇ ಬಿಗಿಯಬೇಕು. ಕುಲುಕಾಟ ಶುರುವಾದರೆ ಮಲಗಿದವರನ್ನು ಎಬ್ಬಿಸದೆ ನೋಡಿ ಹೋಗಬಹುದು.

ಅಮೆರಿಕದ ನಿಯಮದಲ್ಲಿ ಪೈಲಟ್ ಮಲಗುವ ಜಾಗಕ್ಕೆ ಮೂರು ದರ್ಜೆಗಳಿವೆ. ಒಂದನೆಯದು ಕ್ಯಾಬಿನ್‌ನಿಂದ ಬೇರೆಯಾದ ಬಂಕ್: ಬೆಳಕು ಮಲಗಿದವರ ಕೈಯಲ್ಲಿರಬೇಕು, ಸದ್ದು ತಡೆದಿರಬೇಕು, ಅಳತೆ ಆರೂವರೆ ಅಡಿ ಉದ್ದ, ಎರಡೂವರೆ ಅಡಿ ಅಗಲ. ಎರಡನೆಯದು ಬಹುಮಟ್ಟಿಗೆ ಚಪ್ಪಟೆಯಾಗುವ, ಪರದೆ ಇರುವ ಸೀಟು. ಮೂರನೆಯದು 40 ಡಿಗ್ರಿ ಒರಗುವ, ಕಾಲಿಗೆ ಆಸರೆಯಿರುವ ಸೀಟು, ಅಷ್ಟೆ. ದರ್ಜೆ ಇಳಿದಂತೆ ಡ್ಯೂಟಿಯ ಗಂಟೆಯೂ ಇಳಿಯುತ್ತದೆ. ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಬರ್ತ್ ಸಿಕ್ಕವರಿಗೂ ರಾತ್ರಿಯಿಡೀ ಕೂತು ಹೋದವರಿಗೂ ಬೆಳಿಗ್ಗೆ ಇರುವ ವ್ಯತ್ಯಾಸವೇ ಇದು.

ಬಂಕ್ ಇದ್ದರೂ ನಿದ್ದೆ ಕೆಡುತ್ತದೆ. ಕೆಳಗೆ ಅಡುಗೆ ಜಾಗದ ಟ್ರಾಲಿ ಸದ್ದು, ಶೌಚಾಲಯದ ಫ್ಲಶ್, ಗಂಟಲು ಒಣಗಿಸುವ ಗಾಳಿ. ಎದ್ದ ಮೇಲೂ ಸ್ವಲ್ಪ ಹೊತ್ತು ಮಂಪರು ಇರುತ್ತದೆ. ಅದು ಇಳಿಯುವ ಮುಂಚೆ ಕಂಟ್ರೋಲ್ ಕೈಗೆ ಕೊಡಬಾರದು. ವಿಮಾನ ಇಳಿಸುವ ಪೈಲಟ್‌ಗೆ ಡ್ಯೂಟಿಯ ಎರಡನೇ ಅರ್ಧದಲ್ಲಿ ಎರಡು ಗಂಟೆ, ಜೊತೆಗಾರರಿಗೆ 90 ನಿಮಿಷ ಎಡೆಬಿಡದ ವಿಶ್ರಾಂತಿ ಸಿಗಬೇಕೆಂದು ಅದೇ ನಿಯಮ ಹೇಳುತ್ತದೆ.

ಈಗಿನ ಚಿಂತೆ ಬೇರೆ. ಏರ್‌ಬಸ್ ಎ321ಎಕ್ಸ್‌ಎಲ್‌ಆರ್ ಎಂಬ ಕಿರಿದಾದ ವಿಮಾನ ಸುಮಾರು 8,700 ಕಿ.ಮೀ. ಹಾರಬಲ್ಲದು. ಅದರಲ್ಲಿ ತಲೆಯ ಮೇಲೆ ಬಂಕ್ ಕೂರಿಸುವಷ್ಟು ಎತ್ತರವಿಲ್ಲ. ಸಾಮಾನ್ಯವಾಗಿ ಉಳಿಯುವುದು ಪ್ರಯಾಣಿಕರ ನಡುವಿನ, ಪರದೆ ಎಳೆದ ಸೀಟು. ದೇಹಕ್ಕೆ ನಿದ್ದೆಯ ಸೆಳೆತ ಹೆಚ್ಚಿರುವುದು ಬೆಳಗಿನ ಜಾವ 2ರಿಂದ 6ರ ತನಕ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವವರನ್ನು ಕೇಳಿ, ಹೇಳುತ್ತಾರೆ.

ಆದ್ದರಿಂದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ನಮ್ಮ ಮನವಿ: ಪ್ರತ್ಯೇಕ ಬಂಕ್ ಇಲ್ಲದ ವಿಮಾನದಲ್ಲಿ, ಬೆಳಗಿನ ಜಾವದ ಈ ಹೊತ್ತನ್ನು ದಾಟುವ ಹಾರಾಟಕ್ಕೆ, ಹೆಚ್ಚುವರಿ ಪೈಲಟ್ ಇದ್ದಾರೆಂಬ ಕಾರಣಕ್ಕೆ ಡ್ಯೂಟಿಯ ಗಂಟೆ ಹೆಚ್ಚಿಸಲು ಬಿಡಬೇಡಿ. ಗಗನಸಖಿಯರಿಗೂ ಇದೇ ಅಳತೆ ಇರಲಿ. ಬೆಂಕಿ ಬಿದ್ದರೆ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕಳಿಸಬೇಕಾದವರು ಅವರೇ. ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ವಿಮಾನ ಖಾಲಿಯಾಗಬೇಕೆಂಬ ಲೆಕ್ಕದ ಮೇಲೆಯೇ ವಿಮಾನಕ್ಕೆ ಪ್ರಮಾಣಪತ್ರ ಸಿಗುವುದು.

— ನಿವೃತ್ತ ವಿಮಾನ ನಿರ್ವಹಣಾ ಇಂಜಿನಿಯರುಗಳು, ಕುವೆಂಪುನಗರ, ಮೈಸೂರು