ಬೊಜ್ಜದ ಊಟಕ್ಕೆ ಬಳೆ ಅಡವಿಡ್ಬೇಕಾ?

ಸಂಪಾದಕರಿಗೆ ನಮಸ್ಕಾರ,

ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ಮದುವೆ ಆಗ್ತಾ ಉಂಟು, ಮದುವೆ ಖರ್ಚು ಕಮ್ಮಿ ಮಾಡಿ ಅಂತ ನಮ್ಮ ಜಿಲ್ಲೆಯಲ್ಲಿ ಭಾಷಣ ಮಾಡದವರಿಲ್ಲ, ಆದ್ರೆ ಬೊಜ್ಜದ (ಸತ್ತವರ ಉತ್ತರಕ್ರಿಯೆಯ) ಖರ್ಚಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಸತ್ತವರ ವಿಷಯ ಅಲ್ವಾ, ಜನ ಎಂತ ಹೇಳ್ತಾರೋ ಅಂತ.

ಕ್ರಿಯೆ ಬೇಡ ಅಂತ ನಾನು ಹೇಳುವುದಲ್ಲ ಮಾರ್ರೆ. ದಹನಕ್ಕೆ, ಪಿಂಡಕ್ಕೆ, ಭಟ್ರ ದಕ್ಷಿಣೆಗೆ ಆಗುವುದನ್ನು ಹೇಗಾದ್ರೂ ಸುಧಾರಿಸ್ಬಹುದು. ಮನೆ ಮುಳುಗುವುದು ಉತ್ತರಕ್ರಿಯೆ ದಿನದ ಹಾಲ್ ಬಾಡಿಗೆ, ಕೇಟರಿಂಗ್, ಫ್ಲೆಕ್ಸು, ಪೇಪರಲ್ಲಿ ಫೋಟೋ ಹಾಕಿದ ಜಾಹೀರಾತು (ನಿಮಗೇ ಬರೀತಾ ಇದ್ದೇನೆ, ಬೇಜಾರು ಮಾಡ್ಬೇಡಿ) ಇದರಲ್ಲಿ. ಎಲೆಗೆ 200 ರೂಪಾಯಿ ಅಂತ ಹಿಡಿದ್ರೂ 500 ಜನ ಬಂದ್ರೆ 1 ಲಕ್ಷ ಆಯ್ತು. ಆಸ್ಪತ್ರೆ ಬಿಲ್ಲು ಕಟ್ಟಿ ಸುಸ್ತಾದವರು ಸೊಸೈಟಿಯಲ್ಲಿ ಹೆಂಡತಿಯ ಬಳೆ ಇಟ್ಟು ಹೋಳಿಗೆ, ಎರಡು ಪಾಯಸ, ಐಸ್‌ಕ್ರೀಮ್ ಬಡಿಸ್ಬೇಕು. ಬೊಜ್ಜಕ್ಕೆ ಗೋಬಿ ಮಂಚೂರಿ ಯಾವ ಶಾಸ್ತ್ರದಲ್ಲಿ ಉಂಟು?

ಮೊದಲು ಯಾರಾದ್ರೂ ತೀರಿಕೊಂಡ್ರೆ ನೆರೆಕರೆಯವರೇ ಬಂದು ಮಾವಿನ ಮರ ಕಡಿದು ಕಟ್ಟಿಗೆ ಮಾಡ್ತಿದ್ರು, ಅಕ್ಕಿ, ತೆಂಗಿನಕಾಯಿ, ತರಕಾರಿ ತಂದು ಅವರೇ ಬೇಯಿಸಿ ಬಡಿಸ್ತಿದ್ರು. ಈಗ ಐದು ಸೆಂಟ್ಸ್ ಜಾಗದಲ್ಲಿ, ಫ್ಲಾಟಲ್ಲಿ ಇರುವವರು ಬೋಳೂರಿನ ಸ್ಮಶಾನಕ್ಕೋ ಬೀಡಿನಗುಡ್ಡೆಯ ಸ್ಮಶಾನಕ್ಕೋ ಒಯ್ಯುವುದು ಸರಿಯೇ, ಆದ್ರೆ ಊರವರು ಕೈ ಹಾಕ್ತಿದ್ದ ಒಂದೊಂದು ಕೆಲಸಕ್ಕೂ ರೇಟ್ ಬಂದಿದೆ, ಉಣ್ಣುವವರ ಸಂಖ್ಯೆ ಮಾತ್ರ ಕಮ್ಮಿ ಆಗ್ಲಿಲ್ಲ.

ಮನೆಯವರೇ ಸಿಂಪಲ್ ಮಾಡ್ಲಿ ಅಂತ ಹೇಳುವುದು ಸುಲಭ. ಮಗ "ಒಂದೇ ಪಾಯಸ ಸಾಕು" ಅಂದ್ರೆ "ಅಪ್ಪನ ಜಾಗ ಬೇಕು, ಬೊಜ್ಜಕ್ಕೆ ಕೈ ಬಿಚ್ಲಿಕ್ಕೆ ಆಗುದಿಲ್ಲ" ಅಂತ ದೊಡ್ಡಪ್ಪನೇ ಶುರು ಮಾಡ್ತಾರೆ, ಅಳುತ್ತಾ ಇರುವವರು ಅವರ ಹತ್ರ ವಾದ ಮಾಡ್ಲಿಕ್ಕೆ ಉಂಟಾ? ಅದಕ್ಕೇ ಜಾತಿ ಸಂಘ, ಭಜನಾ ಮಂದಿರ, ಯುವಕ ಮಂಡಲದವರು ಸೇರಿ ಊರಿಗೊಂದು ಮೆನು ನಿಶ್ಚಯ ಮಾಡ್ಲಿ. ಅನ್ನ, ಸಾರು, ಒಂದು ಪಲ್ಯ, ಒಂದು ಪಾಯಸ, ಮುಗೀತು. ದುಡ್ಡಿದ್ದವರಿಗೂ ಅದೇ, ಅವರ ಮನೆಯಿಂದಲೇ ಮೊದಲು ಶುರುವಾಗ್ಲಿ, ಇಲ್ಲದಿದ್ರೆ ಬಡವರ ಮೇಲೆ ಮಾತ್ರ ರೂಲ್ಸ್ ಅಂತ ಆಗ್ತದೆ.

ಮತ್ತೆ ಇನ್ನೊಂದು, ಮರಣ ನೋಂದಣಿ 21 ದಿನದ ಒಳಗೆ ಮಾಡಿಸಿ, ಆಮೇಲೆ ಓಡಾಟ ಜಾಸ್ತಿ. ತೀರಿಕೊಂಡವರಿಗೆ 55 ಆಗಿರದಿದ್ರೆ ಪಾಸ್‌ಬುಕ್ಕಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಟ್ ಆದದ್ದು ಉಂಟಾ ನೋಡಿ, ಅದು ಜೀವನಜ್ಯೋತಿ ವಿಮೆ, 2 ಲಕ್ಷ ಸಿಗ್ತದೆ. ಕೇಟರಿಂಗ್‌ನವರಿಗೆ ಫೋನ್ ಮಾಡುವ ಮೊದಲು ಬ್ಯಾಂಕಿಗೆ ಹೋಗಿ ಕೇಳಿ.

– ಒಬ್ಬ ಓದುಗ, ಸುರತ್ಕಲ್