ಎಲೆ ತೊಟ್ಟ ಮೀನು

ಮಾನ್ಯ ಸಂಪಾದಕರೇ,

ಲೀಫಿ ಸೀಡ್ರ್ಯಾಗನ್ ಮೀನು ತನ್ನ 'ಎಲೆ'ಗಳನ್ನು ಬಡಿದು ಈಜುತ್ತದೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಅವು ಕಡಲಪಾಚಿಯ ನಡುವೆ ಮರೆಯಾಗಲು ಇರುವ ಚರ್ಮದ ಚಾಚುಗಳಷ್ಟೇ. ಈಜಲು ನೆರವಾಗುವುದು ಕತ್ತಿನ ಪಕ್ಕದ ಹಾಗೂ ಬೆನ್ನಿನ ಪಾರದರ್ಶಕ ರೆಕ್ಕೆಗಳು. ಅವುಗಳ ಅಲುಗಾಟ ಕಣ್ಣಿಗೆ ಬೀಳದ್ದರಿಂದ ಪಾಚಿಯ ತುಣುಕು ತೇಲಿದಂತೆ ಕಾಣುತ್ತದೆ. ಎಂಥ ಅದ್ಭುತ ವೇಷ!

ಆಸ್ಟ್ರೇಲಿಯಾದ ದಕ್ಷಿಣ ಮತ್ತು ಪಶ್ಚಿಮ ಕರಾವಳಿ ಬಿಟ್ಟರೆ ಇದು ಬೇರೆಲ್ಲೂ ಇಲ್ಲ. ಕೆಲ್ಪ್ ಎಂಬ ದೊಡ್ಡ ಕಡಲಪಾಚಿ ಬೆಳೆದ ಬಂಡೆಗಳು, ಕಡಲಹುಲ್ಲಿನ ಅಂಚುಗಳೇ ಇದರ ನೆಲೆ. ಉದ್ದ ಸುಮಾರು 35 ಸೆಂ.ಮೀ.ವರೆಗೆ. ಹಲ್ಲಿಲ್ಲ, ತಿಂದದ್ದನ್ನು ಕೂಡಿಡುವ ಜಠರವೂ ಇಲ್ಲ. ಹಾಗಾಗಿ ಮೈಸಿಡ್ ಎಂಬ ಪುಟ್ಟ ಸಿಗಡಿಯಂಥ ಜೀವಿಗಳನ್ನು ಕೊಳವೆಯಂಥ ಮೂತಿಯಿಂದ ಹೀರುತ್ತಲೇ ಇರಬೇಕು. ಸುಮಾರು 250 ಮೊಟ್ಟೆಗಳನ್ನು ಬಾಲದಡಿಯಲ್ಲಿ ಹೊತ್ತು ಕಾಯುವುದು ಗಂಡು.

ಕಡಲಕುದುರೆಯಂತೆ ಬಾಲದಿಂದ ಪಾಚಿಯನ್ನು ಹಿಡಿದುಕೊಳ್ಳಲು ಇದಕ್ಕೆ ಆಗದು. ಬಿರುಗಾಳಿಗೆ ಸಿಕ್ಕರೆ ದಡಕ್ಕೆ ಬಂದು ಬೀಳುತ್ತದೆ. ಆಳದಿಂದ ದಿಢೀರನೆ ಮೇಲೆತ್ತಿದರಂತೂ ಒತ್ತಡ ಇಳಿದು ಗಾಳಿಚೀಲ ಉಬ್ಬುತ್ತದೆ, ಮೀನು ಸಾಯಬಹುದು. ಮುಳುಗುಗಾರರು ಫೋಟೊಗಾಗಿ ಇದನ್ನು ಮುಟ್ಟಬಾರದು, ಮೇಲಕ್ಕೆ ಓಡಿಸಲೂಬಾರದು.

– ಕಡಲಜೀವಿ ಆಸಕ್ತರು