ಹಳೆಯ ಕಲ್ಲುಗೋಡೆಗೆ ಸಿಮೆಂಟ್ ಮೆತ್ತಬೇಡಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ 400 ವರ್ಷ ದಾಟಿದ ಮಾಂಟಕ್ಯೂಟ್ ಹೌಸ್ ಎಂಬ ದೊಡ್ಡ ಬಂಗಲೆ ಇದೆ. ಅದರ ಉದ್ಯಾನದ ಗೋಡೆ ಹ್ಯಾಮ್ ಎಂಬ ಅಲ್ಲಿನ ಜೇನುಬಣ್ಣದ ಕಲ್ಲಿನದು. ಮೇಲೆ ಕಲ್ಲಿನ ಕಟಾಂಜನ, ಚೂಪಾದ ಕಂಬಗಳು, ಮೂಲೆಗಳಲ್ಲಿ ಎರಡು ಪುಟ್ಟ ಮಂಟಪಗಳು. ಫೋಟೊದಲ್ಲಿ ಕಂಡರೂ ಆ ಕೈಕೆಲಸಕ್ಕೆ ಗೌಂಡಿಯಾದ ನಾನು ತಲೆಬಾಗುತ್ತೇನೆ. 1931ರಿಂದ ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ಕಾಯುವ ಸಂಸ್ಥೆ ಅದನ್ನು ಕಾಪಾಡುತ್ತಿದೆ. ಇಂಥ ಗೋಡೆಗಳ ಸಂದಿಗೆ ಸುಣ್ಣದ ಗಾರೆಯೇ ಸರಿ ಎಂಬುದು ಅಲ್ಲಿನ ಸಂರಕ್ಷಕರ ಪಾಠ.

ಗದಗದಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ನಮ್ಮ ಓಣಿಯ ಹಳೆಯ ವಾಡೆಯ ಪೌಳಿಗೋಡೆಗೆ ಸಿಮೆಂಟ್ ತುಂಬಿದರು. ಒಂದೇ ಮಳೆಗಾಲಕ್ಕೆ ಕಲ್ಲಿನ ಮುಖ ಹಪ್ಪಳದಂತೆ ಎದ್ದಿತು, ಕಮಲದ ಕೆತ್ತನೆಯ ಎಸಳುಗಳು ಉದುರಿದವು. ಸುಣ್ಣದ ಸಂದಿಯಲ್ಲಿ ತೇವ ಆರುತ್ತದೆ. ಸಿಮೆಂಟ್ ಆ ದಾರಿ ಮುಚ್ಚಿದರೆ ತೇವ ಕಲ್ಲಿನಿಂದಲೇ ಹೊರಬಂದು, ಉಪ್ಪು ಕಟ್ಟಿ, ಕಲ್ಲನ್ನೇ ತಿನ್ನುತ್ತದೆ.

ಲಕ್ಕುಂಡಿಯಂಥ ಶಿಲ್ಪದ ಊರಿರುವ ಜಿಲ್ಲೆಯಲ್ಲಿ ಗಾರೆ ಅರೆಯಬಲ್ಲ ಹಿರಿಯ ಗೌಂಡಿಗಳು ವಿರಳ. ಅವರಿರುವಾಗಲೇ ಜಿಲ್ಲಾಡಳಿತ ಹುಡುಗರಿಗೆ ತರಬೇತಿ ಕೊಡಿಸಲಿ, ಹಳೆಯ ಕಟ್ಟಡಗಳ ದುರಸ್ತಿ ಟೆಂಡರ್‌ನಲ್ಲಿ ಸುಣ್ಣದ ಗಾರೆಯನ್ನು ಕಡ್ಡಾಯ ಮಾಡಲಿ.

– ಹಿರಿಯ ಗೌಂಡಿ, ಬೆಟಗೇರಿ, ಗದಗ